ಲಾಯ ಕೆಡವಲು ಹೋದ ದಿನ

ಕಟ್ಟುವುದಕ್ಕಿಂತ ಕೆಡವುವುದಕ್ಕೆ ಹೆಚ್ಚು ಎದೆಗಾರಿಕೆ ಬೇಕೆಂದು ಬಲ್ಲವರು ಹೇಳುತ್ತಾರೆ. ಆ ಬಲ್ಲವರು ಲೋಕೋಪಯೋಗಿ ಇಲಾಖೆಯಲ್ಲಿ ಇದ್ದಂತೆ ಕಾಣುವುದಿಲ್ಲ. ನಮ್ಮಲ್ಲಿ ಎರಡಕ್ಕೂ ಮೇಲಿನವರ ಒಂದು ಸಹಿ ಸಾಕಿತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ೧೯೫೭ರಲ್ಲಿ, ಮಂಡ್ಯದ ಬಯಲಿನವನಾದ ನನ್ನನ್ನು ಚೆಟ್ಟಳ್ಳಿ ಕಡೆಗೆ ಓವರ್ಸಿಯರ್ ಆಗಿ ಹಾಕಿದರು. ಇನ್ನೂ ಪ್ರೊಬೇಷನ್, ಅಂದರೆ ಮೇಲಿನವರು ಮುನಿದರೆ ನೇರ ಮನೆಗೆ. ಹೊರಡುವಾಗ ಹೆಡ್ ಕ್ಲಾರ್ಕು ಕೊಟ್ಟ ಆಶೀರ್ವಾದ ಇಷ್ಟೇ: "ಅಲ್ಲಿ ಮನೆಮನೆಗೂ ಕೋವಿ ಐತಂತೆ. ನೋಡ್ಕೊಂಡು ಮಾತಾಡಪ್ಪ."

ನನಗೆ ಸಿಕ್ಕ ಮೊದಲ ಕೆಲಸ ಕವಲುರಸ್ತೆಯ ಹಳೇ ಕುದುರೆ ಲಾಯವನ್ನು ಕೆಡವಿಸುವುದು. ಟಪಾಲು ಗಾಡಿಯ ಕುದುರೆಗಳು ಹೋಗಿ ಎಷ್ಟೋ ಕಾಲವಾಗಿತ್ತು. ಈಗ ಅಲ್ಲಿ ಅಬ್ಬಾಸ್ ಕಾಕನ ಚಹದಂಗಡಿ, ಒಂದು ಕೇರಂ ಬೋರ್ಡು, ಕುದುರೆಗಳು ಕಚ್ಚಿ ಸವೆಸಿದ ಗೋದಲಿಯ ಮೇಲೆ ಸಾಲಾಗಿ ಕುಳಿತ ಹೈಸ್ಕೂಲಿನ ಹುಡುಗ ಹುಡುಗಿಯರು. ಸಂಜೆಯ ಬಸ್ಸು ಬರುವವರೆಗೆ ತೋಟದ ಮಾಲೀಕರ ಮಗಳೂ ಕೂಲಿಯವರ ಲೈನುಮನೆಯ ಹುಡುಗನೂ ಸಮಸಮವಾಗಿ ಜಗಳವಾಡಬಹುದಾದ ಜಾಗ ಆ ಸೀಮೆಯಲ್ಲಿ ಬೇರೊಂದಿರಲಿಲ್ಲ.

ನಮ್ಮ ಅಸಿಸ್ಟೆಂಟ್ ಎಂಜಿನಿಯರ್ ಸಾಹೇಬರು ಜೀಪಿನಿಂದ ಇಳಿಯದೆಯೇ ಅದನ್ನು 'ಡೇಂಜರಸ್' ಎಂದು ಘೋಷಿಸಿದ್ದರು. ಒಳಗೆ ಯಾರಾದರೂ ಜೋರಾಗಿ ಸೀನಿದರೂ ಮಾಡು ಕುಸಿಯುವುದೆಂಬುದು ಅವರ ಅಭಿಪ್ರಾಯ. ನಾನು ಹಾರೆಯಿಂದ ಕಂಬಗಳನ್ನು ಬಡಿದು ನೋಡಿದ್ದೆ. ಕೊಳೆತ ಮರ ಟೊಳ್ಳು ಸದ್ದು ಮಾಡುತ್ತದೆ. ಇವು ಕಣಕಣ ಅಂದವು. ಸಾಹೇಬರಿಗೆ ಅದನ್ನು ಹೇಳಲು ನಾಲಗೆ ಏಳಲಿಲ್ಲ.

ಕೆಡವುವ ದಿನ ಶನಿವಾರ. ಸಾಹೇಬರೂ ಜೀಪಿನಲ್ಲಿ ಬಂದಿದ್ದರು. ಶಾಲೆ ಬಿಟ್ಟ ಮಕ್ಕಳು ರಸ್ತೆಯಾಚೆ ನಿಂತಿದ್ದರು. ಅವರ ಹಿಂದೆ ಊರವರು. ಅವರಲ್ಲಿ ಇಬ್ಬರ ಹೆಗಲಲ್ಲಿ ಕೋವಿ. ಒಬ್ಬರೂ ಬಯ್ಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಹಾಯೆನಿಸುತ್ತಿತ್ತು. ಕಾಕ ಗ್ಲಾಸುಗಳನ್ನು ಬುಟ್ಟಿಗೆ ತುಂಬುತ್ತ, "ನಾನು ಹೋಗ್ತೇನೆ ಸಾರೇ. ಮಕ್ಕಳಿಗೆ ಮಾತ್ರ ನೀವೇ ಹೇಳಿ," ಎಂದ. ಮೇಸ್ತ್ರಿ ಕುಶಾಲಪ್ಪ ಹಾರೆ ಎತ್ತಿದ.

ಢಂ. ಬೆನ್ನಿಗೇ ಇನ್ನೊಂದು, ಢಂ.

ಪ್ರಾಣ ಹೋಯಿತೆಂದೇ ತಿಳಿದು ನಾನು ಲಾಯದೊಳಗೆ ನುಗ್ಗಿ ಗೋದಲಿಯ ಹಿಂದೆ ಕುಸಿದೆ. ಅಲ್ಲಿ ಆಗಲೇ ಸಾಹೇಬರಿದ್ದರು. ಸೂರಿನಿಂದ ಧೂಳು ಉದುರಿತು. ಹೊರಗೆ ಗುಂಡು, ಒಳಗೆ ಮಾಡು. ಯಾವುದು ಮೊದಲೋ ಎಂದು ಇಬ್ಬರೂ ಕಣ್ಣು ಮುಚ್ಚಿ ಕಾದೆವು.

ಎರಡೂ ಬರಲಿಲ್ಲ. ಹೊರಗೆ ಕುಶಾಲಪ್ಪ ಹಾರೆ ಕೆಳಗಿಟ್ಟು ತಲೆವಸ್ತ್ರ ತೆಗೆಯುತ್ತಿದ್ದ. "ಮರಣದ ಗುಂಡು ಸಾರ್. ಮೇಲಿನ ಮನೆ ಅಜ್ಜ ಹೋದ್ರು ಅಂತ ಕಾಣ್ತದೆ. ಇನ್ನು ನಾವು ಅಲ್ಲಿಗೆ ಹೋಗ್ಬೇಕು." ಗಂಡುಮಗು ಹುಟ್ಟಿದರೆ ಒಂದು, ಸಾವಾದರೆ ಎರಡು, ಗುಂಡು ಕೇಳಿದವರು ಕೆಲಸ ಬಿಟ್ಟು ಸಾವಿನ ಮನೆಗೆ ನಡೆಯಬೇಕು. ಆ ನಾಡಿನಲ್ಲಿ ಇದನ್ನು ತಿಳಿಯದವರು ನಾವಿಬ್ಬರೇ.

ಮಾಲೀಕರ ಮಗಳು ಮುತ್ತಮ್ಮ ಬಾಗಿಲಲ್ಲಿ ಇಣುಕಿದಳು. "ಸಾರ್, ಬೇಗ ಹೊರಗೆ ಬನ್ನಿ. ಅದು ಡೇಂಜರಸ್ ಬಿಲ್ಡಿಂಗ್."

ಸಾವಿನ ಹೊತ್ತು, ಯಾರೂ ನಗಲಿಲ್ಲ. ತುಟಿ ಕಚ್ಚಿಕೊಂಡವರು ಬಹಳ ಮಂದಿ.

ಜನ ಗುಡ್ಡದ ಕಡೆ ಹೊರಟರು. ಕುಶಾಲಪ್ಪನ ಹಾರೆಯನ್ನು ತಂದು ಸಾಹೇಬರ ಮುಂದೆ ಹಿಡಿದೆ. "ಕಂಬ ಒಮ್ಮೆ ಬಡಿದು ನೋಡ್ತೀರಾ ಸಾರ್?" ಅವರು ನನ್ನನ್ನು ದಿಟ್ಟಿಸಿದರು. ಗುಂಡಿನ ಸದ್ದಿಗಿಂತ ಆ ನೋಟಕ್ಕೆ ನಾನು ಹೆಚ್ಚು ಹೆದರಿದೆ. ಕೊನೆಗೆ ಹಾರೆ ತೆಗೆದುಕೊಂಡು ಒಂದೊಂದೇ ಕಂಬ ಬಡಿದರು, ಎಲ್ಲವೂ ಕಣಕಣ. "ಒಡೆದ ಹೆಂಚು ಬದಲಾಯಿಸ್ರೀ," ಎಂದಷ್ಟೇ ಹೇಳಿ ಜೀಪು ಹತ್ತಿದರು.

ಕಟ್ಟಡದ ಮೇಲೆ ತೀರ್ಪು ಕೊಡುವ ಮೊದಲು ಅದರೊಳಗೆ ನಿಲ್ಲಬೇಕೆಂದು ನೌಕರಿ ನನಗೆ ಕಲಿಸಿತು. ಹೆದರಿ ನಿಂತರೂ ಆದೀತು.

ಮುಂದಿನ ವಾರ ಹೆಂಚು ಬದಲಾಯಿಸಿದೆವು. ಲಾಯವನ್ನು ಕೆಡವಲಿಲ್ಲ.