ಬಟ್ಟೆ ಕಟ್ಟಿದ ಗಿಡಗಳು

ಬೆಳಿಗ್ಗೆ ಅಡುಗೆಮನೆಯ ಬುಟ್ಟಿಯಿಂದ ಹುಳಿವಾಸನೆ ಬಂತು. ಪಕ್ಕದ ತೋಟದ ಭಾವ ಮೊನ್ನೆ ಕೊಟ್ಟ ನಾಟಿ ಟೊಮೆಟೊ ಆಗಲೇ ಒಡೆದು ನೀರಾಗಿತ್ತು. ತಿಪ್ಪೆಗೆ ಹಾಕಿ ಬರುವಷ್ಟರಲ್ಲಿ ಅವರ ಹೆಂಡತಿ ನೆನಪಾದಳು. ನಮಗೆಲ್ಲ ಅವಳು ಅಕ್ಕ...

ಕೈವಾರದ ಹತ್ತಿರದ ಆ ತೋಟದಲ್ಲಿ ಟೊಮೆಟೊ ಕೆಲಸವೆಲ್ಲ ಅಕ್ಕನದೇ. ಒಂದೇ ಸಾಲು, ಒಂದೇ ನೀರು, ಒಂದೇ ದಿನ ಕಿತ್ತ ಹಣ್ಣು. ಆದರೂ ಒಂದು ಗಿಡದ್ದು ವಾರ ಕಳೆದರೂ ಗಟ್ಟಿ, ಇನ್ನೊಂದರದು ಚಿಂತಾಮಣಿ ಮಂಡಿ ಮುಟ್ಟುವಷ್ಟರಲ್ಲೇ ಮೆತ್ತಗೆ. ಅಂಥದ್ದೊಂದು ಒಡೆದರೆ ಕ್ರೇಟೆಲ್ಲ ಹಾಳು. ಅಕ್ಕ ಒಂದೊಂದು ಗಿಡದ ಹಣ್ಣನ್ನೂ ಬೇರೆಬೇರೆಯಾಗಿ ಕಿಟಕಿಯಲ್ಲಿಟ್ಟು ಕಾಯುತ್ತಿದ್ದಳು. ಹೆಣ್ಣು ನೋಡಲು ಬಂದವರೂ ಇಷ್ಟು ನೋಡಲ್ಲ ಎಂದು ನಾವು ರೇಗಿಸುತ್ತಿದ್ದೆವು. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಬೇಗ ಕೊಳೆಯುವ ಗಿಡಗಳನ್ನು ಬಿಟ್ಟು, ತಾಳುವ ಗಿಡಗಳ ಬೀಜವನ್ನೇ ವರ್ಷವರ್ಷವೂ ಎತ್ತಿಡುತ್ತಾ ಬಂದಳು.

ಕೊನೆಗೆ ಕೆಟ್ಟ ಗಿಡಗಳು ಕೆಲವೇ ಉಳಿದವು. ಬೀಜಕ್ಕೆ ಬೇಡವೆಂಬ ಗುರುತಿಗೆ ಅವಕ್ಕೆ ಹಳೆ ಸೀರೆಯ ಚೂರು ಕಟ್ಟಿದಳು. ಅಷ್ಟರಲ್ಲಿ ಕಾಯಿಲೆ ಬಿದ್ದು ಆಸ್ಪತ್ರೆ ಸೇರಿದಳು.

ನಮ್ಮ ಕಡೆ ಬಟ್ಟೆ ಕಟ್ಟುವುದು ಬೀಜಕ್ಕೆ ಬಿಟ್ಟ ಗಿಡಕ್ಕೆ. ಭಾವ ಹಾಗೇ ತಿಳಿದರು. ಉಳಿದ ಹಣ್ಣನ್ನೆಲ್ಲ ಮಂಡಿಗೆ ಹಾಕಿ, ಬಟ್ಟೆ ಕಟ್ಟಿದವುಗಳ ಬೀಜವನ್ನು ತೊಳೆದು, ಬೂದಿ ಬೆರೆಸಿ ಒಣಗಿಸಿದರು. ಹಳೆ ಗಿಡಗಳನ್ನೆಲ್ಲ ಕಿತ್ತು ಹೊಲ ಉತ್ತೂ ಆಯಿತು. ಅಕ್ಕ ಮನೆಗೆ ಬಂದ ದಿನ ಬೀಜದ ಗಂಟನ್ನು ಅವಳ ಮಡಿಲಲ್ಲಿಟ್ಟರು. ನಾನು ಅಲ್ಲೇ ಇದ್ದೆ. ಬಿಚ್ಚಿ ನೋಡಿ, ಚೆನ್ನಾಗಿ ಒಣಗಿದೆ ಎಂದಷ್ಟೇ ಅಂದಳು.

ಅವರು ಆಚೆ ಹೋದ ಮೇಲೆ ನನಗೆ ನಿಜ ಹೇಳಿದಳು. ಭಾವನಿಗೂ ಹೇಳಿಬಿಡು ಎಂದೆ.

"ಜಲ್ಮದಾಗೆ ಒಂದ್ಸಲ ನಂಗೋಸ್ಕರ ಬೀಜ ಎತ್ತಿಟ್ಟವ್ರೆ ಕಣಮ್ಮ. ಹೆಂಗ್ ಹೇಳ್ಲಿ? ಮೊದಲಿಂದ ಮಾಡ್ತೀನಿ ಬಿಡು."

ಮೊದಲಿಂದ ಮಾಡಲು ಆಗಲಿಲ್ಲ... ಮುಂದಿನ ಬಿತ್ತನೆಗೆ ಮುಂಚೆಯೇ ಹೋಗಿಬಿಟ್ಟಳು.

ಭಾವ ಈಗಲೂ ಅದೇ ಬೀಜ ಹಾಕುತ್ತಾರೆ, ಅವಳು ಆರಿಸಿದ್ದು ಎಂದು. ಹಣ್ಣು ಕೊಳೆತರೆ ಬಿಸಿಲನ್ನು ಬೈಯುತ್ತಾರೆ, ಲಾರಿಯನ್ನು ಬೈಯುತ್ತಾರೆ. ಬೀಜವನ್ನು ಮಾತ್ರ ಬೈಯುವುದಿಲ್ಲ. ಆ ಬೀಜದ ನಿಜವನ್ನು ನಾನೊಬ್ಬಳೇ ಹೊತ್ತು ಸಾಕುಸಾಕಾಗಿದೆ.

ಸಂಜೆ ಬೇಲಿಯ ಹತ್ತಿರ ಸಿಕ್ಕರು. ಹಣ್ಣು ತಾಳಿತಾ ಎಂದು ಕೇಳಿದರು. ತಾಳಿತು ಭಾವ, ಇನ್ನೂ ಗಟ್ಟಿಯಾಗಿದೆ ಎಂದೆ.

"ಅವಳ ಕೈಗುಣ ಕಣಮ್ಮ," ಎಂದು ಟವೆಲಿನಿಂದ ಕಣ್ಣೊರೆಸಿಕೊಂಡರು.