ಬಾಗಿಲು ತೆಗಿ ಅಂದರೆ

ಸಮುದ್ರದ ಪಕ್ಕ ಮನೆ ತಗೋಬೇಡಿ ಅಂತ ನಮಗೆ ಯಾರೂ ಹೇಳಲಿಲ್ಲ. ಹೇಳಿದ್ದರೂ ನಾವು ಕೇಳುತ್ತಿರಲಿಲ್ಲ ಬಿಡಿ. ಮದರಾಸಿನ ತಿರುವೊಟ್ಟಿಯೂರಿನಲ್ಲಿ ನಮ್ಮ ಯಜಮಾನರ ಬ್ಯಾಂಕು ನಡೆದು ಹೋಗುವಷ್ಟು ಹತ್ತಿರವಿತ್ತು, ನನ್ನ ಇನ್ಶೂರೆನ್ಸ್ ಆಫೀಸಿಗೆ ನೇರ ಬಸ್ಸಿತ್ತು, ದೇವಸ್ಥಾನ ಅತ್ತೆಯವರ ಕಾಲಿಗೆ ಎಟುಕುತ್ತಿತ್ತು. ಇನ್ನೇನು ಬೇಕು ಅಂತ ತೊಂಬತ್ತರ ದಶಕದ ಕೊನೆಯಲ್ಲಿ ಅಲ್ಲೊಂದು ಫ್ಲ್ಯಾಟು ಕೊಂಡೆವು. ಮೊದಲನೇ ವರ್ಷವೇ ಕಿಟಕಿಯ ಸರಳುಗಳಿಗೆ ತುಕ್ಕು ಹಿಡಿಯಿತು. ಅದು ಹೋಗಲಿ ಅಂದರೆ, ಉತ್ತರದ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಮನೆಯೊಳಗೆಲ್ಲ ಕಪ್ಪು ದೂಳು. ನೆಲ ಒರೆಸಿ ಕೈ ತೊಳೆದು ಬರುವಷ್ಟರಲ್ಲಿ ಇನ್ನೊಂದು ಪದರ ಕೂತಿರುತ್ತಿತ್ತು.

ಅಡುಗೆಮನೆಯಲ್ಲಿ ಕಟ್ಟಿದವರು ಬರೀ ಕಡಪ ಕಲ್ಲಿನ ಶೆಲ್ಫು ಕೂರಿಸಿ ಕೈತೊಳೆದುಕೊಂಡಿದ್ದರು. ಬಾಗಿಲಿಲ್ಲ, ಮರೆಯಿಲ್ಲ. ಡಬ್ಬಗಳ ಮುಚ್ಚಳದ ಮೇಲೆ ಬೆರಳಿಟ್ಟರೆ ಬೆರಳು ಕಾಡಿಗೆಯಾಗುತ್ತಿತ್ತು. ಭಾನುವಾರ ಬಂತೆಂದರೆ ಎಲ್ಲರೂ ಟೀವಿ ಮುಂದೆ, ನಾನು ಮಾತ್ರ ಒದ್ದೆಬಟ್ಟೆ ಹಿಡಿದು ಸ್ಟೂಲಿನ ಮೇಲೆ. ನನಗೆ ಮೊದಲೇ ಕೋಪ ಮೂಗಿನ ತುದಿಯಲ್ಲಿ. ಒಂದು ಭಾನುವಾರ ಬಟ್ಟೆಯನ್ನು ಸಿಂಕಿಗೆ ಎಸೆದು, ಈ ಅಡುಗೆಮನೆಗೆ ಬಾಗಿಲಿರುವ ಕಬೋರ್ಡು ಮಾಡಿಸದಿದ್ದರೆ ನಾನು ಮೈಸೂರಿಗೆ, ತವರಿಗೆ ಹೋಗಿಬಿಡುತ್ತೇನೆ ಅಂದೆ. ಯಜಮಾನರು ಪೇಪರಿನಿಂದ ತಲೆ ಎತ್ತದೆ ಮಾಡಿಸೋಣ ಅಂದರು. ಅತ್ತೆ ಮಾತ್ರ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು.

ಅಡುಗೆಮನೆ ಅತ್ತೆಯವರದು. ಅದನ್ನು ಯಾರೂ ಬರೆದುಕೊಟ್ಟಿರಲಿಲ್ಲ, ಆದರೂ ಅವರದೇ. ತುಮಕೂರಿನ ಕಡೆಯಿಂದ ಮದುವೆಯಾಗಿ ಮದರಾಸಿಗೆ ಬಂದು, ಮಾವನವರ ರೈಲ್ವೆ ಕ್ವಾರ್ಟರ್ಸಿನಲ್ಲಿ ಸಂಸಾರ ಮಾಡಿ, ಮಾವ ಹೋದಮೇಲೆ ನಮ್ಮ ಜೊತೆಗಿದ್ದರು. ನಾನು ಏಳುವುದರೊಳಗೆ ಸಾರು ಕುದಿಯುತ್ತಿರುತ್ತಿತ್ತು, ನಮ್ಮಿಬ್ಬರಿಗೂ ಮಗಳಿಗೂ ಮೂರು ಡಬ್ಬಿ ಕಟ್ಟಿರುತ್ತಿದ್ದರು. ಕಣ್ಣಿನ ಒತ್ತಡ ಅಂತ ಆಗಲೇ ಡ್ರಾಪ್ಸ್ ಹಾಕಿಕೊಳ್ಳುತ್ತಿದ್ದರು. ಎದುರಿನದು ಕಾಣುತ್ತೆ, ಪಕ್ಕದ ನೋಟ ಕಮ್ಮಿಯಾಗುತ್ತಾ ಬರುತ್ತೆ, ಹೋದದ್ದು ವಾಪಸು ಬರೋದಿಲ್ಲ ಅಂತ ಡಾಕ್ಟರು ಹೇಳಿದ್ದರು. ಅನ್ನ ಸಾರು ಎದುರಿಗೇ ಇರುತ್ತಲ್ಲ, ಪಕ್ಕದ್ದು ಯಾರಿಗೆ ಬೇಕು ಅಂತ ಅತ್ತೆ ನಗೆಯಾಡಿದ್ದರು. ನಾವೂ ನಕ್ಕು ಸುಮ್ಮನಾಗಿದ್ದೆವು.

ಆ ಭಾನುವಾರ ಮಧ್ಯಾಹ್ನ, ನಾನು ಒಬ್ಬಳೇ ಇದ್ದಾಗ ಹತ್ತಿರ ಬಂದು ಹೇಳಿದರು. "ಏನು ಬೇಕಾದ್ರೂ ಮಾಡಿಸ್ಕೊಳೇ. ಆದ್ರೆ ಹೊಸಾದು ಬಂತು, ಅತ್ತೇಗೆ ಗೊತ್ತಾಗಲ್ಲ, ನೀವು ಕೂತ್ಕೊಳ್ಳಿ ಅನ್ನಬೇಡ. ಅಡುಗೆ ಬಿಟ್ರೆ ನನಗೆ ಈ ಮನೇಲಿ ಕೆಲಸ ಇಲ್ಲ."

ಯಾರು ಅತ್ತೆ ನಿಮ್ಮನ್ನ ಕೂರಿಸೋರು, ನನಗೇನು ಹುಚ್ಚೇ, ಬೆಳಿಗ್ಗೆ ಎದ್ದು ಸಾರು ಮಾಡೋಕೆ, ಅಂದೆ. ಅದು ಸತ್ಯವೂ ಆಗಿತ್ತು.

ಆಸಾರಿ ಬಂದ. ಅಲ್ಲಿ ಬಡಗಿಯನ್ನು ಹಾಗೇ ಕರೆಯುವುದು. ಕೋಡಂಬಾಕ್ಕಂನಲ್ಲಿ ಸಿನಿಮಾ ಸೆಟ್ಟು ಹೊಡೆದು ಪಳಗಿದವನು. ಒಂದು ಅರಮನೆಯನ್ನು ಮೂರು ದಿನಕ್ಕೆ ಎಬ್ಬಿಸಿದ್ದೇನೆ, ನಿಮ್ಮ ಅಡುಗೆಮನೆ ಯಾವ ಲೆಕ್ಕ ಅಂದ. ನಮ್ಮ ಅಡುಗೆಮನೆ ಅವನ ಅರಮನೆಗಿಂತ ನಿಧಾನವಾಗಿ ಎದ್ದಿತು. ಅರ್ಧ ದಿನ ಟೀ ಕುಡಿಯುತ್ತಿದ್ದ, ಉಳಿದ ಅರ್ಧ ದಿನ ಪ್ಲೈವುಡ್ಡಿನ ಪುಡಿಯನ್ನು ಮನೆ ತುಂಬ ಹಾರಿಸುತ್ತಿದ್ದ. ಹಾಲಿನಲ್ಲಿ ಸ್ಟೋವ್ ಇಟ್ಟುಕೊಂಡು ಅತ್ತೆ ಅಡುಗೆ ಮಾಡಿದರು. ಅಂತೂ ಇಂತೂ ಒಲೆಕಟ್ಟೆಯ ಕಲ್ಲಿನ ಕೆಳಗೆ ಒಂದು ಸಾಲು, ಗೋಡೆಯ ಮೇಲೆ ಒಂದು ಸಾಲು, ಎಲ್ಲಕ್ಕೂ ಬಾಗಿಲು, ಬಾಗಿಲಿಗೆಲ್ಲ ಒಂದೇ ಕೆನೆ ಬಣ್ಣದ ಮೈಕಾ. ಮುಚ್ಚಿಬಿಟ್ಟರೆ ಯಾವುದರೊಳಗೆ ಏನಿದೆ ಅಂತ ದೇವರಿಗೂ ತಿಳಿಯುವಂತಿರಲಿಲ್ಲ. ನನಗಂತೂ ಕಣ್ಣು ತಂಪಾಯಿತು. ಬಾಗಿಲು ಹಾಕುವುದು, ತೆಗೆಯುವುದು, ಮತ್ತೆ ಹಾಕುವುದು. ದೂಳಿಗೆ ಇನ್ನು ನನ್ನ ಮನೆಯಲ್ಲಿ ಜಾಗವಿಲ್ಲ ಅಂತ ಬೀಗಿದೆ.

ಒಲೆಯ ಎಡಕ್ಕೆ, ತಲೆಯ ಎತ್ತರಕ್ಕೆ, ಜೋಡಿ ಬಾಗಿಲಿನ ಒಂದು ಕಬೋರ್ಡಿತ್ತು. ಬೇಳೆ, ಹುಣಸೆಹಣ್ಣು, ಸಾರಿನ ಪುಡಿ, ಸಾಸಿವೆ ಎಲ್ಲ ಅದರಲ್ಲಿ. ಇನ್ನು ಸಣ್ಣಪುಟ್ಟ ಕೆಲಸ ಮಾತ್ರ ಉಳಿದಿದ್ದಾಗ ಒಂದು ಸಂಜೆ ನಾನು ಆಫೀಸಿನಿಂದ ಬಂದು ನೋಡುತ್ತೇನೆ, ಆ ಕಬೋರ್ಡಿಗೆ ಬಾಗಿಲೇ ಇಲ್ಲ! ಎರಡೂ ಬಾಗಿಲು ಬಾಲ್ಕನಿಯ ಗೋಡೆಗೆ ಒರಗಿ ನಿಂತಿವೆ. ಡಬ್ಬಗಳು ಹಲ್ಲು ಕಿರಿದುಕೊಂಡು ನನ್ನನ್ನೇ ನೋಡುತ್ತಿವೆ. ಆಸಾರಿ ಸಾಮಾನು ಚೀಲಕ್ಕೆ ತುಂಬುತ್ತಿದ್ದ. ಏನಯ್ಯಾ ಇದು ಅಂತ ಎಗರಿದೆ. ಅವನು ಶಾಂತವಾಗಿ ಅತ್ತೆಯ ಕಡೆ ಕೈ ತೋರಿಸಿದ. ಪಾಟಿನೇ, ಅಂದರೆ ಅಜ್ಜಿಯೇ, ಹೇಳಿದರು, 'ಕದವೆ ಎಡುಪ್ಪಾ' ಅಂತ, ಎಡುತ್ತುಟ್ಟೇನ್ ಅಂದ.

ಅತ್ತೆಯವರ ತಮಿಳು ಅಂದರೆ ಅದೊಂದು ಬೇರೆಯೇ ಭಾಷೆ. ಕನ್ನಡವನ್ನೇ ಮಾತಾಡಿ ತುದಿಗೊಂದು ತಮಿಳಿನ ಬಾಲ ಕಟ್ಟಿಬಿಡುತ್ತಿದ್ದರು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುವ ಹಾಗೆ ಅದರಲ್ಲೇ ಅರ್ಧ ಆಯುಷ್ಯ ಕಳೆದಿದ್ದರು. ಒಂದು ಸಲ ಹಾಲಿನವನಿಗೆ ನಾಳೆ ಬೇಗ ಬಾ ಅನ್ನುವುದಕ್ಕೆ 'ವೇಗಮಾ ವಾ' ಅಂದಿದ್ದರು. ತಮಿಳಿನಲ್ಲಿ ಅದು ಜೋರಾಗಿ ಬಾ ಅಂದಂತೆ. ಮಾರನೆಯ ದಿನ ಅವನು ಎಂದಿನ ಹೊತ್ತಿಗೇ ಬಂದ, ಆದರೆ ಸೈಕಲ್ಲನ್ನು ತುಳಿದ ರಭಸಕ್ಕೆ ಹಾಲು ಚೆಲ್ಲಿಕೊಂಡು ಏದುಸಿರು ಬಿಡುತ್ತಾ ಬಂದ.

ಆದ್ದರಿಂದ ನನಗೆ ಥಟ್ಟನೆ ಹೊಳೆಯಿತು. ಬಾಗಿಲು ತೆಗಿ ಅಂದರೆ ನಮಗೆ ತೆರೆ ಅಂತ. ಕಿತ್ತು ಹಾಕು ಅನ್ನುವುದಕ್ಕೂ ತೆಗಿ ಅಂತಲೇ ಅನ್ನುತ್ತೇವೆ. ತಮಿಳರಿಗೆ ಎರಡೂ ಬೇರೆ ಬೇರೆ. ತೆರೆಯುವುದಾದರೆ 'ತೊರ', ತೆಗೆದುಬಿಡುವುದಾದರೆ 'ಎಡು'. ಪಾಪ, ಅತ್ತೆ ಬಾಗಿಲು ತೆರಿಯಪ್ಪಾ ಅಂತ ಹೇಳಲು ಹೋಗಿದ್ದಾರೆ, ತೆಗಿ ಅನ್ನುವುದನ್ನು ತಮಿಳಿಗೆ ಎಡು ಅಂತ ತಿರುಗಿಸಿದ್ದಾರೆ, ಈ ಪುಣ್ಯಾತ್ಮ ಸ್ಕ್ರೂ ಬಿಚ್ಚಿ ಬಾಗಿಲನ್ನೇ ಎಡುತ್ತಿಟ್ಟಿದ್ದಾನೆ. ಹೀಗೆ ಅಂತ ವಿವರಿಸಿದೆ. ಆಸಾರಿ ಮೊದಲು ನಕ್ಕ, ಆಮೇಲೆ ಯಜಮಾನರು, ಆಮೇಲೆ ಸ್ಕೂಲಿನಿಂದ ಬಂದ ಮಗಳು. ನನಗೂ ಕೋಪ ಇಳಿದು ನಗು ಬಂತು. ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು, ನನ್ನ ತಮಿಳು ನಿಮಗೆ ಗೊತ್ತಿರೋದೇ ಅಲ್ವಾ ಅಂದರು.

ವಾಪಸು ಹಾಕು ಅಂದರೆ ಆಸಾರಿ ಹೊತ್ತಾಯಿತು, ನಾಳೆ ಬರುತ್ತೇನೆ ಅಂದ. ಆ ನಾಳೆ ಬರಲೇ ಇಲ್ಲ. ಇನ್ನೊಂದು ಅರಮನೆ ಸಿಕ್ಕಿತೋ ಏನೋ. ಹೇಳಿ ಕಳಿಸಿದಾಗಲೆಲ್ಲ ನಾಳೆ ಅನ್ನುವ ಉತ್ತರವೇ ಬರುತ್ತಿತ್ತು. ಬಾಗಿಲುಗಳು ಬಾಲ್ಕನಿಯಿಂದ ಅಟ್ಟಕ್ಕೇರಿದವು. ಒಲೆಯ ಪಕ್ಕದ ಕಬೋರ್ಡು ಹಾಗೇ ಬೋಳಾಗಿ ಉಳಿಯಿತು. ನಾನೊಂದು ಪರದೆ ಹೊಲಿದು ಹಾಕಿದೆ; ಒಲೆಯ ಹತ್ತಿರ ಬಟ್ಟೆ ಇರಬಾರದು ಅಂತ ಅತ್ತೆ ಅದನ್ನು ಬಿಚ್ಚಿಟ್ಟರು. ಅದು ನ್ಯಾಯವಾದ ಮಾತೇ. ಮಿಕ್ಕ ಕಬೋರ್ಡುಗಳು ನನ್ನ ಪಾಲಿಗೆ, ಅದೊಂದು ಅವರ ಪಾಲಿಗೆ ಅಂತಾಯಿತು. ಅದರ ದೂಳನ್ನು ಅವರೇ ದಿನಾ ಒರೆಸುತ್ತಿದ್ದರು. ಆ ಡಬ್ಬಗಳನ್ನು ಯಾರಾದರೂ ಒಂದಿಷ್ಟು ಆಚೀಚೆ ಇಟ್ಟರೆ ಮಾತ್ರ ಸಿಡಿಯುತ್ತಿದ್ದರು.

ಆಮೇಲೆ ಆ ಮಾತು ನಮ್ಮ ಮನೆಯ ನಗೆಯ ಸರಕಾಯಿತು. ಬಂದ ನೆಂಟರಿಗೆಲ್ಲ ಯಜಮಾನರು ಅದನ್ನೇ ಹೇಳುವುದು. ಮಗಳು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲಿ ಉತ್ತರ ಕೊಡುವ ಜಾತಿ. ಹೊರಗೆ ಕಾಲಿಂಗ್ ಬೆಲ್ ಹೊಡೆದರೆ ಸಾಕು, 'ಅಜ್ಜೀ, ಕದವೆ ತೊರಕ್ಕಣುಮಾ, ಎಡುಕ್ಕಣುಮಾ?' ಅಂತ ಕೂಗುತ್ತಿದ್ದಳು. ತೆರೀಲಾ, ಕೀಳಲಾ ಅಂತ. ಅತ್ತೆಯೂ ನಗುತ್ತಿದ್ದರು. ಅವರ ನಗುವಿನಲ್ಲಿ ನನಗೆ ಯಾವ ಕೊಂಕೂ ಕಾಣಲಿಲ್ಲ.

ಸಮುದ್ರದ ಗಾಳಿ ತನ್ನ ಕೆಲಸ ತಾನು ಮಾಡುತ್ತಿತ್ತು. ಮಗಳು ಕಾಲೇಜು ಸೇರುವ ಹೊತ್ತಿಗೆ ಮಿಕ್ಕ ಬಾಗಿಲುಗಳ ಕೀಲುಗಳೆಲ್ಲ ತುಕ್ಕು ಹಿಡಿದು ಕಿರುಗುಟ್ಟತೊಡಗಿದವು. ಒಂದು ಬಾಗಿಲು ಜೋತುಬಿದ್ದು ನೆಟ್ಟಗೆ ಮುಚ್ಚುತ್ತಿರಲಿಲ್ಲ, ಇನ್ನೊಂದು ಮುಚ್ಚಿದರೆ ತೆರೆಯುತ್ತಿರಲಿಲ್ಲ. ಈಗ ಸ್ಟೀಲಿನ ಕೀಲು ಬಂದಿದೆ, ತುಕ್ಕು ಹಿಡಿಯೋದಿಲ್ಲ ಅಂತ ಪಕ್ಕದ ಮನೆಯವರು ಹೇಳಿದರು. ಹೊಸ ಆಸಾರಿಯನ್ನು ಕರೆಸಿದೆ. ಬಂದದ್ದು ಬಂದ, ಹಳೆಯ ಬಾಕಿಯನ್ನೂ ತೀರಿಸಿಬಿಡೋಣ ಅಂತ ಅಟ್ಟದ ಮೇಲಿದ್ದ ಆ ಎರಡು ಬಾಗಿಲುಗಳನ್ನು ಇಳಿಸಿದೆ. ಒರೆಸಿದರೆ ಮೈಕಾ ಇನ್ನೂ ಹೊಸದರ ಹಾಗೆ ಹೊಳೆಯುತ್ತಿತ್ತು. ಇತರ ಬಾಗಿಲುಗಳು ಅರಿಶಿನದ ಕಲೆ ಹಿಡಿದು ಹಳದಿಯಾಗಿದ್ದವು.

ಆ ಹೊತ್ತಿಗೆ ಅತ್ತೆಯವರ ನೋಟ ತುಂಬ ಕಿರಿದಾಗಿತ್ತು. ಪಕ್ಕದಿಂದ ಯಾರಾದರೂ ಬಂದರೆ ಬೆಚ್ಚಿಬೀಳುತ್ತಿದ್ದರು. ಆದರೂ ಬೆಳಿಗ್ಗೆಯ ಸಾರು ಅವರದೇ. ಬಾಗಿಲಿಲ್ಲದ ಕಬೋರ್ಡಿಗೆ ಕೈ ಹಾಕಿದರೆ ಬೇಕಾದ ಡಬ್ಬ ಕೈಗೇ ಬರುತ್ತಿತ್ತು. ಒಗ್ಗರಣೆಗೆ ಸಾಸಿವೆ ಬದಲು ಬೇರೇನಾದರೂ ಬಿದ್ದದ್ದು ನಾನು ಕಾಣೆ.

ಆಸಾರಿ ಒಂದು ಬಾಗಿಲಿಗೆ ಕೀಲು ಕೂರಿಸಿದ. ಸರಿಯಾಗಿದೆಯಾ ಅಂತ ಅದನ್ನು ಪೂರ್ತಿ ತೆರೆದು ನಿಲ್ಲಿಸಿ, ಇನ್ನೊಂದನ್ನು ತರಲು ಮುಂದಿನ ರೂಮಿಗೆ ಹೋದ. ಅತ್ತೆ ಒಲೆಯ ಮೇಲಿನ ಹಾಲು ಇಳಿಸಲು ಬಂದರು. ನೇರ ಒಲೆಯನ್ನೇ ನೋಡುತ್ತಾ ಬಂದರು. ತೆರೆದ ಬಾಗಿಲಿನ ಅಂಚು ಹುಬ್ಬಿನ ಮೇಲೆ ಹೊಡೆಯಿತು. ದೊಡ್ಡ ಪೆಟ್ಟೇನಲ್ಲ, ಆದರೆ ಸದ್ದು ನನ್ನ ಎದೆಗೆ ಕೇಳಿಸಿತು. ಓಡಿಹೋಗಿ ಹಿಡಿದುಕೊಂಡೆ. ಅವರು ಹುಬ್ಬಿನ ಮೇಲೆ ಕೈಯಿಟ್ಟುಕೊಂಡು ನಿಂತರು. ಆವತ್ತೂ ಇಲ್ಲೇ ಹೊಡೀತು ಅಂದರು.

ಯಾವತ್ತು ಅಂತ ಕೇಳಿದೆ.

"ಇದನ್ನ ಮೊದಲು ಹಾಕಿದಾಗ. ಒಂದ್ಸಲ ಅಲ್ಲ, ಎರಡ್ಮೂರು ಸಲ. ಹುಬ್ಬು ಯಾಕೆ ಕೆಂಪಗಿದೆ ಅಂದ್ರೆ ಸೊಳ್ಳೆ ಕಚ್ಚಿತು ಅಂತ ನಿನಗೆ ಹೇಳಿದ್ದೆ. ಅದಕ್ಕೇ ಆ ಆಸಾರಿಗೆ ಹೇಳಿ ತೆಗೆಸಿದ್ದು."

ಅತ್ತೆ, ನೀವು ತೆರಿ ಅನ್ನೋಕೆ ಹೋಗಿ ಎಡು ಅಂದಿರಲ್ಲ ಅಂದೆ. ಇಷ್ಟು ವರ್ಷ ಹೇಳಿಕೊಂಡು ಬಂದದ್ದು ಬಾಯಿಗೆ ತಾನೇ ಬಂತು.

"ತೊರ ಅನ್ನೋದು ನನಗೆ ಗೊತ್ತಿಲ್ವೇನೇ? ನಿನ್ನ ಗಂಡ ಹುಟ್ಟೋಕ್ಕಿಂತ ಮುಂಚಿನಿಂದ ಈ ಊರಲ್ಲಿ ಬಾಗಿಲು ತೆಗೀತಿದೀನಿ, ಹಾಕ್ತಿದೀನಿ. ನಾನು ಸರಿಯಾಗೇ ಹೇಳಿದ್ದೆ. ಕಣ್ಣು ಕಾಣಲ್ಲ ಅಂದಿದ್ರೆ ನೀನು ಕೂತ್ಕೊಳ್ಳಿ ಅಂತಿದ್ದೆ. ತಮಿಳು ಬರಲ್ಲ ಅಂದ್ರೆ ನಗ್ತೀರಿ ಅಷ್ಟೆ. ನಗಲಿ ಬಿಡು ಅಂದ್ಕೊಂಡೆ."

ನನಗೆ ಅಳು ಬಂತು, ಅದರ ಹಿಂದೆಯೇ ಕೋಪವೂ ಬಂತು. ಅವರ ಮೇಲೋ, ಆ ಬಾಗಿಲಿನ ಮೇಲೋ, ನೆಂಟರ ಮುಂದೆ ನಕ್ಕ ನಮ್ಮೆಲ್ಲರ ಮೇಲೋ ಗೊತ್ತಿಲ್ಲ. ಅಷ್ಟೂ ವರ್ಷ ಬೆಲ್ ಆದಾಗಲೆಲ್ಲ ತೆರೀಲಾ, ಕೀಳಲಾ ಅಂತ ಕೂಗಿಸಿಕೊಂಡು, ನಮ್ಮ ಜೊತೆಗೇ ನಕ್ಕು, ಅತ್ತೆ ತಮ್ಮ ಒಲೆಯನ್ನು ಉಳಿಸಿಕೊಂಡಿದ್ದರು. ಅವರ ಕೈ ಕೆಳಗಿಳಿಸಿ ನೋಡಿದೆ, ಹುಬ್ಬು ಕೆಂಪಗಾಗಿತ್ತು. ಒದ್ದೆಬಟ್ಟೆಯಿಂದ ತಣ್ಣೀರು ಹಚ್ಚಿದೆ.

ಹೊಸ ಆಸಾರಿ ಎರಡನೇ ಬಾಗಿಲು ಹಿಡಿದು ಬಂದು ನಿಂತಿದ್ದ. ನಾನು ಅವನ ಕಡೆ ತಿರುಗಿ 'ಅಂದ ಕದವೆ ಎಡುಂಗ', ಆ ಬಾಗಿಲು ತೆಗೀರಿ, ಅಂದೆ. ಅವನು ಬಾಗಿಲನ್ನು ಹಾಗೇ ಹಿಡಿದುಕೊಂಡು ನನ್ನ ಮುಖ ನೋಡಿದ. ಈಗ ತಾನೇ ಹಾಕಿಸಿದವರು ಇವರೇ ಅಲ್ಲವೇ. ತೊರಕ್ಕಣುಮಾ, ಎಡುಕ್ಕಣುಮಾ ಅಂತ ಕೇಳಿದ.

ಎಡುಕ್ಕಣುಂ ಅಂದೆ. ಎಲ್ಲ ಬಾಗಿಲನ್ನೂ, ಒಂದೂ ಬಿಡದೆ.

ಅತ್ತೆ ನನ್ನ ಕೈಯಿಂದ ಒದ್ದೆಬಟ್ಟೆ ತಗೊಂಡು ಹುಬ್ಬಿಗೆ ಒತ್ತಿಕೊಂಡರು. "ಎಲ್ಲಾ ಯಾಕೇ? ಮೇಲಿಂದು ಸಾಕು. ಕೆಳಗಿಂದು ತೆಗೆಸಿದ್ರೆ ಜಿರಲೆ ಬರ್ತವೆ," ಅಂದು ಹಾಲು ಇಳಿಸಲು ಒಲೆಯ ಕಡೆ ಹೋದರು.