ಒಳಚಿಲಕ

ಆ ವಿದ್ಯಾರ್ಥಿನಿ ಬಂದಾಗ ಕಮಲಾಪುರದಲ್ಲಿ ಭತ್ತದ ನಾಟಿ ನಡೆದಿತ್ತು ಎಂದು ನನ್ನ ನೆನಪು, ಕೊಯ್ಲೂ ಇದ್ದಿರಬಹುದು. ಕೆಲವು ವಿವರಗಳನ್ನು ಆಮೇಲೆ ನಾನೇ ಸೇರಿಸಿಕೊಂಡಿದ್ದೇನೋ ಏನೋ. ಚಿಲಕದ ಬಗ್ಗೆ ಅನುಮಾನವಿಲ್ಲ, ಅದು ಈಗಲೂ ಬಾಗಿಲಲ್ಲಿದೆ.

ವಿಶ್ವವಿದ್ಯಾಲಯದಲ್ಲಿ ವಿದೇಶಿ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ವಿಭಾಗಕ್ಕೆ ನಾನು ಹೊಸದಾಗಿ ಸೇರಿದ್ದೆ. ಪೋಲೆಂಡಿನ ವಿಶ್ವವಿದ್ಯಾಲಯವೊಂದರ ಜೊತೆಗಿನ ಒಡಂಬಡಿಕೆಯ ಮೇಲೆ ಬಂದ ಮೊದಲ ವಿದ್ಯಾರ್ಥಿನಿ ಆಕೆ. ಹಾಸ್ಟೆಲ್ ತುಂಬಿತ್ತು. ಕಮಲಾಪುರದಲ್ಲಿ ಒಬ್ಬರೇ ಇದ್ದ ನನ್ನ ಸೋದರತ್ತೆ ಅವಳನ್ನು ತಮ್ಮ ಮನೆಯಲ್ಲಿ ಇಟ್ಟುಕೊಂಡರು. ಆ ಕಡೆಯವರದು ಒಂದೇ ಷರತ್ತು: ಹುಡುಗಿಯ ಕೋಣೆಗೆ ಬೀಗ ಇರಬೇಕು, ಅದನ್ನು ವಿಡಿಯೊ ಕರೆಯಲ್ಲಿ ತೋರಿಸಬೇಕು. ಸರಿಬರದಿದ್ದರೆ ಅವಳು ವಾಪಸು. ಒಡಂಬಡಿಕೆಯೂ ಅಲ್ಲಿಗೇ ನಿಲ್ಲುತ್ತಿತ್ತು.

ಅತ್ತೆ ಬಡಗಿಯನ್ನು ಕರೆಸಿ ಹೊಸ ಚಿಲಕ ಹಾಕಿಸಿದರು, ಹೊರಗಡೆಗೆ. ವಿಡಿಯೊದಲ್ಲಿ ಅದನ್ನು ಕಂಡ ಅಲ್ಲಿನ ಸಂಯೋಜಕಿಯ ಮುಖ ಬಿಗಿಯಿತು. ಇದು ಹುಡುಗಿಯನ್ನು ಕೂಡಿಹಾಕುವ ಚಿಲಕ, ಒಳಗಿನದೆಲ್ಲಿ ಎಂದು ಕೇಳಿದರು. ನಾನು ಅತ್ತೆಗೆ ಹೇಳಿದೆ.

"ಮನ್ಯಾಗ ಮಂದಿ ಇದ್ದಾಗ ಕೀಲಿ ಯಾಕವಾ? ಊರಿಗೆ ಹೋಗಾಗ ಹಾಕ್ತಾರ," ಎಂದರು ಅತ್ತೆ. "ಒಳಗ ಕುಂತು ಚಿಲಕ ಹಾಕ್ಕೊಂಡ್ರ, ಸಿಟ್ಟು ಮಾಡ್ಯಾಳ ಅಂತ ಓಣ್ಯಾಗೆಲ್ಲ ಆಡ್ಕೊಂತಾರ."

ಇದನ್ನು ಇಂಗ್ಲಿಷಿನಲ್ಲಿ ಹೇಗೆ ಹೇಳುವುದೆಂದು ನಾನು ತಡವರಿಸುತ್ತಿದ್ದಾಗ ಹುಡುಗಿಯೇ ಬಾಯಿಬಿಟ್ಟಳು. ಬಂದಾಗಿನಿಂದ ಈ ಅಮ್ಮ ಒಂದು ಸಲವೂ ಬಾಗಿಲು ತಳ್ಳಿಕೊಂಡು ಬಂದಿಲ್ಲ, ಹೊಸ್ತಿಲ ಆಚೆ ನಿಂತು ಕೇಳಿಯೇ ಬರುತ್ತಾರೆ ಎಂದಳು. ಹೇಗೆ ಕೇಳುತ್ತಾರೆಂದು ಅತ್ತೆಯ ದನಿಯಲ್ಲೇ ಆಡಿ ತೋರಿಸಿದಳು: "ಒಳಗ ಬರ್ಲೇನವಾ?"

"ಹೆಂಗ ಅಣಕಸ್ತಾಳ ನೋಡವಾ ಇಕಿ," ಎಂದು ಅತ್ತೆ ಸೆರಗನ್ನು ಬಾಯಿಗೆ ಒತ್ತಿ ನಕ್ಕರು. ಸಂಯೋಜಕಿಗೂ ನಗು ಬಂತು. ಒಳಗೂ ಒಂದು ಚಿಲಕ ಹಾಕಿಸಿ ಎಂದಷ್ಟೇ ಹೇಳಿ ಒಪ್ಪಿಕೊಂಡರು. ಹುಡುಗಿ ಉಳಿದಳು.

ಈಗ ಕಂಪ್ಲಿ, ಹೊಸಪೇಟೆಯ ಮನೆಗಳಲ್ಲೂ ನಮ್ಮ ವಿದೇಶಿ ವಿದ್ಯಾರ್ಥಿಗಳಿದ್ದಾರೆ. ಸಭೆಗಳಲ್ಲಿ ಇದನ್ನು ಅಂತರರಾಷ್ಟ್ರೀಕರಣದ ಕಾರ್ಯನೀತಿ ಎನ್ನುತ್ತಾರೆ. ಹೊಸದಾಗಿ ಒಪ್ಪಿಕೊಂಡ ಮನೆಯವರಿಗೆ ನಾನು ಮೊದಲು ಹೇಳುವುದು ಹೊಸ್ತಿಲ ಆಚೆ ನಿಂತು ಅತ್ತೆ ಕೇಳುತ್ತಿದ್ದ ಆ ಮಾತನ್ನೇ. ಅದಕ್ಕಿಂತ ಒಳ್ಳೆಯ ನಿಯಮವೊಂದನ್ನು ನಾನು ಈವರೆಗೆ ಬರೆದಿಲ್ಲ.

ಮೊನ್ನೆ ಅತ್ತೆಯ ಮನೆಗೆ ಹೋಗಿದ್ದೆ. ಎರಡು ಚಿಲಕದ ಆ ಬಾಗಿಲು ಹಾಗೆಯೇ ಇದೆ. ಅದರಾಚೆ ಪಡಸಾಲೆ, ಅಡುಗೆಮನೆ. ಮಲಗುವ ಕೋಣೆ ಅದೊಂದೇ ಎಂಬುದು ನನಗೆ ಇಷ್ಟು ವರ್ಷಗಳ ಮೇಲೆ ಹೊಳೆಯಿತು. ಅತ್ತೆಯನ್ನು ಕೇಳಿದೆ. ಚಾ ಆರುತ್ತದೆ, ಮೊದಲು ಕುಡಿ ಎಂದು ಬಾಳೆಕಾಯಿ ಹೆಚ್ಚಲು ಕುಳಿತರು. ನಾನು ಕೇಳಿದ್ದು ಇಷ್ಟೇ:

"ಅತ್ತಿ, ಆಕಿ ಇರೋತನಕ ನೀವು ಎಲ್ಲಿ ಮಲಗ್ತಿದ್ರಿ?"